ಬಲಗಾಲು ಬರೇ ನಿಂದರಲಿಕ್ಕೆ

ಅಕ್ಟೋಬರ್ 6, 2025, ಸೋಮವಾರ, ಆಸ್ಟಿನ್

ಮಂಡಿ: 52 ಡಿಗ್ರಿ.

ಫಿಸಿಯೋಥೆರಪಿಸ್ಟ್ ಒಂದು ಹಾಳೆ ಕೊಟ್ಟು ದಿನಾ ತುಂಬಲು ಹೇಳಿದ್ದಾಳೆ. ಮಂಡಿ ಎಷ್ಟು ಮಡಚಿತು, ಎಷ್ಟು ನೋವಾಯಿತು, ಊತ ಹೇಗಿದೆ. ಹಾಳೆಯಲ್ಲಿ ಅಂಕಿಗಳಿಗಷ್ಟೇ ಜಾಗ. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ. ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ.

ನಡೆದದ್ದು ಇಷ್ಟು. ಸೆಪ್ಟೆಂಬರ್ ಏಳರ ಭಾನುವಾರ, ಹೆಂಗಸರ ಲೀಗ್ ಪಂದ್ಯದ ಅರವತ್ತನೇ ನಿಮಿಷಕ್ಕೆ ನಾನು ಚೆಂಡಿನೊಂದಿಗೆ ಎಡಕ್ಕೆ ತಿರುಗಿದೆ. ಯಾರೂ ಮುಟ್ಟಲಿಲ್ಲ, ಮುಟ್ಟುವಷ್ಟು ಹತ್ತಿರ ಯಾರೂ ಇರಲೂ ಇಲ್ಲ. ಮಂಡಿಯೊಳಗೆ ಹಸಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಇಪ್ಪತ್ತನಾಲ್ಕನೇ ತಾರೀಕು ಆಪರೇಷನ್. ಒಂಬತ್ತು ತಿಂಗಳಾದ ಮೇಲೆ ಆಡಬಹುದು ಎಂದರು ಸರ್ಜನ್. ಅವರು ಹೇಳುವಾಗ ನನ್ನ ಮುಖ ನೋಡಲಿಲ್ಲ, ಕಂಪ್ಯೂಟರ್ ನೋಡುತ್ತಿದ್ದರು.

ಎಂಟನೇ ವಯಸ್ಸಿಗೆ ಬೆಳಗಾವಿಯ ಗಲ್ಲಿಯಲ್ಲಿ ಶುರುವಾದದ್ದು, ಆಮೇಲೆ ಜಿಲ್ಲಾ ತಂಡ, ಆಮೇಲೆ ಕಾಲೇಜು, ಇಲ್ಲಿಗೆ ಬಂದ ಮೇಲೆ ಈ ಭಾನುವಾರದ ಲೀಗ್. ಇಪ್ಪತ್ತನಾಲ್ಕನೇ ವಯಸ್ಸಿಗೆ ಮುಗಿಯಿತು. ಬರೆದುಬಿಟ್ಟರೆ ಒಪ್ಪಿಕೊಳ್ಳುವುದು ಸುಲಭ ಅಂದುಕೊಂಡಿದ್ದೆ. ಸುಲಭವಾಗಲಿಲ್ಲ.

ಅಕ್ಟೋಬರ್ 9, ಗುರುವಾರ

ಮಂಡಿ: 58.

ಅವ್ವ ಫೋನ್ ಮಾಡಿದ್ದಳು. ನಿದ್ದೆ ಬರುತ್ತಿದೆ ಎಂದು ಇಟ್ಟುಬಿಟ್ಟೆ. ನಿದ್ದೆ ಬರುತ್ತಿರಲಿಲ್ಲ. ರೂಮ್‌ಮೇಟ್ ಪ್ರಗತಿ ಸಾರು ಮಾಡಿಟ್ಟು ಕ್ಲಾಸಿಗೆ ಹೋದಳು. ತಂಡದ ಗ್ರೂಪಿನಿಂದ ನಾನೇ ಹೊರಬಂದೆ.

ಅಕ್ಟೋಬರ್ 16, ಗುರುವಾರ

ಮಂಡಿ: 71.

ರೌಂಡ್ ರಾಕ್‌ನ ಕ್ಲಿನಿಕ್ಕಿನಲ್ಲಿ ಇವತ್ತು ಒಂದು ವಿಚಿತ್ರ ನಡೆಯಿತು. ನನ್ನ ಕಾಲು ಮಡಚಿಸುತ್ತ, ನೋವು ಮರೆಯಲಿ ಎಂದೋ ಏನೋ, ಫುಟ್‌ಬಾಲ್ ಎಲ್ಲಿ ಕಲಿತೆ ಎಂದು ಥೆರಪಿಸ್ಟ್ ಕೇಳಿದಳು. ಬೆಳಗಾವಿ ಎಂದೆ. ಅವಳಿಗೆ ಅದನ್ನು ಹೇಳಲು ಬರಲಿಲ್ಲ. ಹಳೆಯ ಹೆಸರು ಬೆಲ್ಗಾಂ ಎಂದು ಬಿಡಿಸಿ ಹೇಳಿದೆ. ಪಕ್ಕದ ಮಂಚದಲ್ಲಿ ಕಾಲೆತ್ತುವ ವ್ಯಾಯಾಮ ಮಾಡುತ್ತಿದ್ದ ಅಜ್ಜಿಯೊಬ್ಬರು ಎತ್ತಿದ ಕಾಲನ್ನು ಹಾಗೇ ಕೆಳಗಿಳಿಸಿ, ಎದ್ದು ಕೂತರು.

ಅವರ ಹೆಸರು ಐಲ್ಸಾ ಹಾರ್ಗ್ರೋವ್. ಎಪ್ಪತ್ತೇಳು ವರ್ಷ. ಬಿಳಿ ಕೂದಲನ್ನು ಹುಡುಗರ ಹಾಗೆ ಮೋಟಾಗಿ ಕತ್ತರಿಸಿಕೊಂಡಿದ್ದಾರೆ. ಜುಲೈನಲ್ಲಿ ಸೊಂಟದ ಕೀಲು ಬದಲಾಯಿಸಿಕೊಂಡಿದ್ದಾರೆ. ಹುಟ್ಟಿದ್ದು ಸ್ಕಾಟ್ಲೆಂಡ್. ಅಲ್ಲಿ ಸಮುದ್ರದ ತೈಲಬಾವಿಗೆ ಬಂದಿದ್ದ ಟೆಕ್ಸಸ್‌ನ ಎಂಜಿನಿಯರನ್ನು ಮದುವೆಯಾಗಿ ಐವತ್ತು ವರ್ಷದ ಹಿಂದೆ ಹ್ಯೂಸ್ಟನ್‌ಗೆ ಬಂದವರು. ಗಂಡ ತೀರಿಕೊಂಡ ಮೇಲೆ ಜಾರ್ಜ್‌ಟೌನ್‌ನಲ್ಲಿ ಮನೆ ಮಾಡಿಕೊಂಡಿದ್ದಾರೆ.

ತಮ್ಮ ತಂದೆ ಯುದ್ಧದ ಕಾಲದಲ್ಲಿ ನನ್ನ ಊರಿನಲ್ಲಿ ಫುಟ್‌ಬಾಲ್ ಆಡಿದ್ದರು ಎಂದರು. ಫೋಟೋ ಇದೆ, ಅದರ ಹಿಂದೆ ನಿಮ್ಮ ಕಡೆಯ ಬರಹವಿದೆ, ಓದಿಕೊಡುತ್ತೀಯಾ ಎಂದು ಕೇಳಿದರು. ಹೂಂ ಎಂದೆ. ಮಾತುಮಾತಿಗೆ ನನ್ನನ್ನು 'ಹೆನ್' ಎಂದು ಕರೆಯುತ್ತಿದ್ದರು. ಕೋಳಿ ಎಂದು ಯಾಕೆ ಕರೆಯುತ್ತಾರೆ ಎಂದು ಬೇಜಾರಾಯಿತು. ಸ್ಕಾಟ್ಲೆಂಡ್‌ನಲ್ಲಿ ಅದು 'ಮಗಳೇ' ಎಂದ ಹಾಗಂತೆ. ಪ್ರಗತಿ ಹುಡುಕಿ ಹೇಳಿದಳು.

ಅಕ್ಟೋಬರ್ 21, ಮಂಗಳವಾರ

ಮಂಡಿ: 78.

ಬೆಳಿಗ್ಗೆ ಪ್ರಗತಿ ನನ್ನನ್ನು ಜಾರ್ಜ್‌ಟೌನ್‌ನಲ್ಲಿ ಇಳಿಸಿ, ದೀಪಾವಳಿಯ ಚಕ್ಕುಲಿ ಡಬ್ಬಿ ಕೈಗಿಟ್ಟು ಹೋದಳು. ಒಂದೇ ಥರದ ಹೊಸ ಮನೆಗಳ ಸಾಲಿನಲ್ಲಿ ಸ್ಕಾಟ್ಲೆಂಡ್‌ನ ನೀಲಿ ಬಾವುಟ ಇದ್ದದ್ದು ಐಲ್ಸಾ ಅವರದು.

ಫೋಟೋದಲ್ಲಿ ಮರದ ಕೆಳಗೆ ಹನ್ನೊಂದು ಜನ. ಹತ್ತು ಜನ ನಮ್ಮವರು, ನಡುವೆ ಬಾಣಲೆಯ ಹಿಡಿಗಳಂಥ ಕಿವಿಗಳ ಒಬ್ಬ ಸಣಕಲು ಬಿಳಿಯ. ಹನ್ನೊಂದೂ ಜನ ಬರಿಗಾಲಿನಲ್ಲಿದ್ದಾರೆ. ಆ ಬಿಳಿಯನೇ ಐಲ್ಸಾರ ತಂದೆ ಡುಗಾಲ್ಡ್ ರೆನ್ನಿ. ಇನ್ವರ್‌ಲೋನ್ ಎಂಬ ಸಣ್ಣ ಬಂದರು ಊರಿನ ಕ್ಲಬ್ಬಿನ ಆಟಗಾರ, ಯುದ್ಧದಲ್ಲಿ ಸೈನಿಕರಿಗೆ ವ್ಯಾಯಾಮ ಕಲಿಸುವ ಸಾರ್ಜೆಂಟ್. ಫೋಟೋ ತಿರುಗಿಸಿದರೆ ಶಾಯಿಯಲ್ಲಿ ದುಂಡಗಿನ ಕನ್ನಡ ಅಕ್ಷರ:

'ರೆನ್ನಿ ಸಾಹೇಬರ ಎಡಗಾಲಿಗೆ ನಮ್ಮೆಲ್ಲರ ನಮಸ್ಕಾರ. ಬಲಗಾಲು ಬರೇ ನಿಂದರಲಿಕ್ಕೆ. ಇತಿ, ಬಸಲಿಂಗಪ್ಪ ಮತ್ತು ಒಂಬತ್ತು ಮಂದಿ.'

ತಿಂಗಳಾದ ಮೇಲೆ ಮೊದಲ ಸಲ ನಗು ಬಂತು. ಬಾಯಿ ತೆರೆಯುವಷ್ಟರಲ್ಲಿ ಐಲ್ಸಾ ತಮ್ಮ ಫೋನಿನಲ್ಲಿ ಇನ್ನೊಂದು ಚಿತ್ರ ತೋರಿಸಿದರು. ಸಮುದ್ರದ ಪಕ್ಕ ಬೂದು ಬಣ್ಣದ ಸಮಾಧಿ ಕಲ್ಲು. ಡುಗಾಲ್ಡ್ ರೆನ್ನಿ, 1918–1991. ಅದರ ಕೆಳಗೆ, ಕನ್ನಡವನ್ನು ಜನ್ಮದಲ್ಲಿ ಕಂಡಿರದ ಕಲ್ಲುಕುಟಿಗ ಕೆತ್ತಿದ ಕನ್ನಡ. ಒಂದು ಒತ್ತಕ್ಷರ ಕಳಚಿ ದೂರ ಹೋಗಿತ್ತು. ಉಳಿದದ್ದೆಲ್ಲ ಸ್ಪಷ್ಟ. ಎಡಗಾಲು, ನಮಸ್ಕಾರ, ಬಲಗಾಲು, ನಿಂದರಲಿಕ್ಕೆ, ಎಲ್ಲ.

ಫೋಟೋದ ಹಿಂದಿನ ಮಾತನ್ನೇ ಕಲ್ಲಿನಲ್ಲಿ ಕೆತ್ತಿಸಿ ಎಂದು ತಂದೆ ಬರೆದಿಟ್ಟಿದ್ದರಂತೆ. ಬದುಕಿದ್ದಾಗ ಅರ್ಥ ಕೇಳಿದರೆ 'ನನ್ನ ಬಗ್ಗೆ ಯಾರೂ ಇಷ್ಟು ನಿಜವಾದ ಮಾತು ಹೇಳಿಲ್ಲ' ಎಂದಷ್ಟೇ ಹೇಳುತ್ತಿದ್ದರಂತೆ. ಅದೊಂದು ಪ್ರಾರ್ಥನೆ ಇರಬೇಕೆಂದು ಮನೆಯವರು ತೀರ್ಮಾನಿಸಿದರು. ಕಲ್ಲು ನಿಲ್ಲಿಸಿದ ದಿನ ಪಾದ್ರಿ ಆ ಅಕ್ಷರಗಳ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ನಿಂತಿದ್ದರಂತೆ.

ಐಲ್ಸಾ ಕಾಯುತ್ತಿದ್ದರು. ನಾನು, ಇದು ಪಾದಗಳಿಗೆ ಮಾಡಿದ ಆಶೀರ್ವಾದ ಎಂದುಬಿಟ್ಟೆ. ಅವರು ಆ ಮಾತನ್ನು ಮೆಲ್ಲಗೆ ಎರಡು ಸಲ ಹೇಳಿಕೊಂಡು ಕಣ್ಣೊರೆಸಿಕೊಂಡರು.

ಅಕ್ಟೋಬರ್ 23, ಗುರುವಾರ

ಮಂಡಿ: 80.

ಐಲ್ಸಾರ ಮಗ ಹ್ಯೂಸ್ಟನ್‌ನಲ್ಲಿದ್ದಾನೆ. ಈ ಸಲದ ಕ್ರಿಸ್‌ಮಸ್ ಕಾರ್ಡಿನಲ್ಲಿ 'ನಿಮ್ಮ ಪಾದಗಳಿಗೆ ಆಶೀರ್ವಾದವಿರಲಿ' ಎಂದು ಅಚ್ಚು ಹಾಕಿಸುತ್ತಾನಂತೆ. ಇನ್ನೂರು ಕಾರ್ಡು. ಪ್ರಗತಿ ಕೇಳಿ ಸೋಫಾದ ಮೇಲೆ ಉರುಳಿದಳು. "ಹೇಳ್ಬಿಡೇ, ಇನ್ನೂ ಎಷ್ಟು ದಿನ ಇಟ್ಕೋತೀಯ?" ಎಂದಳು. ಹೇಳುವುದು ಹೇಗೆ? ಒಂದು ಮನೆತನ ಮೂವತ್ತನಾಲ್ಕು ವರ್ಷದಿಂದ ತಲೆಬಾಗಿದ ಕಲ್ಲು ಅದು.

ನವೆಂಬರ್ 2, ಭಾನುವಾರ

ಮಂಡಿ: 94.

ಇವತ್ತೂ ಜಾರ್ಜ್‌ಟೌನ್. ಇನ್ವರ್‌ಲೋನ್ ಕ್ಲಬ್ ತನ್ನ ಹಳೆಯ ಆಟಗಾರರ ಹೆಸರುಗಳನ್ನು ಹೊಸದಾಗಿ ಕಟ್ಟಿದ ಗೋಡೆಯ ಮೇಲೆ ಹಾಕುತ್ತಿದೆ. ಒಬ್ಬೊಬ್ಬರ ಬಗ್ಗೆಯೂ ಅರ್ಧ ಪುಟ ಬರೆದುಕೊಡಿ ಎಂದು ಮನೆಯವರನ್ನು ಕೇಳಿದ್ದಾರೆ. ಫೆಬ್ರವರಿ ಮುಗಿಯುವುದರೊಳಗೆ ಕಳಿಸಬೇಕು. ಜೊತೆಗಿನ ಪಟ್ಟಿಯಲ್ಲಿ ರೆನ್ನಿಯ ಹೆಸರಿನ ಮುಂದೆ ಎರಡೇ ಸಾಲು. 1935ರಿಂದ 39: 88 ಪಂದ್ಯ, 39 ಗೋಲು. 1946ರಿಂದ 52: 141 ಪಂದ್ಯ, 12 ಗೋಲು. ಬರೆಯಲು ನನ್ನ ಸಹಾಯ ಬೇಕು ಎಂದರು ಐಲ್ಸಾ. ಸಂಖ್ಯಾಶಾಸ್ತ್ರ ಓದುವವಳಲ್ಲವೇ ನೀನು ಎಂದರು.

ರೆನ್ನಿ ಹದಿನಾಲ್ಕಕ್ಕೆ ಹಡಗು ಕಟ್ಟುವ ಕಾರ್ಖಾನೆ ಸೇರಿದವನು. ಹದಿನೇಳಕ್ಕೆ ಕ್ಲಬ್ಬಿನವರು ಕರೆದರು. ಮೊದಲ ದಿನ ಕೊಟ್ಟ ಅಂಗಿ ಅವನ ಮಂಡಿಯವರೆಗೆ ಬರುತ್ತಿತ್ತಂತೆ. ಶನಿವಾರ ಮಧ್ಯಾಹ್ನದವರೆಗೆ ಕಾರ್ಖಾನೆ, ಅಲ್ಲಿಂದ ಓಡುತ್ತ ಮೈದಾನಕ್ಕೆ. ಅವನಿಗೆ ಗೊತ್ತಿದ್ದ ವರಸೆ ಒಂದೇ. ಎಡಗೆರೆಯ ಪಕ್ಕ ಜೋರಾಗಿ ಓಡುವುದು, ತಟ್ಟನೆ ನಿಲ್ಲುವುದು. ಹಿಂದೆ ಬಂದವರು ಮುಂದೆ ಹೋಗಿಬಿಡುತ್ತಿದ್ದರು. ಇಡೀ ಜಿಲ್ಲೆಗೆ ಆ ವರಸೆ ಗೊತ್ತಿತ್ತು. ಯಾರೂ ಅದಕ್ಕೆ ಮದ್ದು ಕಂಡುಹಿಡಿಯಲಿಲ್ಲ.

1939ಕ್ಕೆ ಅವನಿಗೆ ಇಪ್ಪತ್ತೊಂದು. ಹೊಸ ಲೀಗ್ ಶುರುವಾಗಿ ಐದು ಪಂದ್ಯಕ್ಕೆ ಆರು ಗೋಲು ಹೊಡೆದಿದ್ದ. ಗ್ಲಾಸ್ಗೋದ ದೊಡ್ಡ ಕ್ಲಬ್ಬೊಂದರಿಂದ ಮುಂದಿನ ಶನಿವಾರ ಅವನನ್ನು ನೋಡಲು ಜನ ಬರುವವರಿದ್ದರು. ಆ ಐದನೇ ಪಂದ್ಯದಲ್ಲಿ, ಸೆಪ್ಟೆಂಬರ್ ಎರಡರ ಶನಿವಾರ, ಎರಡು ಗೋಲು. ಭಾನುವಾರ ಬೆಳಿಗ್ಗೆ ಯುದ್ಧ ಘೋಷಣೆಯಾಯಿತು. ಲೀಗ್ ನಿಂತಿತು. ಅಷ್ಟೇ ಅಲ್ಲ, ಆಡಿ ಮುಗಿಸಿದ್ದ ಐದು ಪಂದ್ಯಗಳನ್ನೂ ದಾಖಲೆಯಿಂದ ತೆಗೆದುಹಾಕಿದರು. ಆ ಆರು ಗೋಲು ಎಲ್ಲೂ ಇಲ್ಲ.

ನನಗೆ ಸಿಟ್ಟು ಬಂತು. ಆದದ್ದನ್ನು ಆಗಿಲ್ಲ ಎಂದು ಅಳಿಸುವುದು ಯಾವ ಲೆಕ್ಕ? ಕಾರಿನಲ್ಲಿ ಪ್ರಗತಿಗೆ ಇದನ್ನೇ ಹೇಳುತ್ತಿದ್ದೆ. ಆಸ್ಟಿನ್ ಮುಟ್ಟುವವರೆಗೂ ನಾನು ಉಸಿರು ತೆಗೆದುಕೊಳ್ಳಲಿಲ್ಲ ಎಂದಳು ಅವಳು.

ನವೆಂಬರ್ 18, ಮಂಗಳವಾರ

ಇವತ್ತು ಸ್ಕಾಟ್ಲೆಂಡ್ ಮತ್ತು ಡೆನ್ಮಾರ್ಕ್. ಗೆದ್ದರೆ ಸ್ಕಾಟ್ಲೆಂಡ್ ಇಪ್ಪತ್ತೆಂಟು ವರ್ಷದ ಮೇಲೆ ವಿಶ್ವಕಪ್‌ಗೆ ಬರುತ್ತದೆ. ಬರುವುದೂ ಇದೇ ದೇಶಕ್ಕೆ. ಮಧ್ಯಾಹ್ನದ ಕ್ಲಾಸ್ ತಪ್ಪಿಸಿ ಐಲ್ಸಾರ ಮನೆಯಲ್ಲಿ ಕೂತೆ. ತೊಂಬತ್ತು ನಿಮಿಷ ಮುಗಿದಾಗ ಎರಡು ಎರಡು, ಸಮ. ಸಮವಾದರೆ ಸಾಲದು. ಐಲ್ಸಾ ಟೀವಿಗೆ ಬೆನ್ನು ಹಾಕಿ ಅಡುಗೆಮನೆಗೆ ಹೋದರು. ಅವರು ಅತ್ತ ಹೋದಾಗಲೇ ಸ್ಕಾಟ್ಲೆಂಡ್‌ನ ಮೂರನೇ ಗೋಲು ಬಿತ್ತು. ನಾನು ಕೂಗಿದ್ದಕ್ಕೆ ಬೀದಿಯಾಚೆಯ ನಾಯಿ ಬೊಗಳಿತಂತೆ. ಕೊನೆಯ ಗಳಿಗೆಯಲ್ಲಿ ಒಬ್ಬ ಮೈದಾನದ ಅರ್ಧದಿಂದ ಹೊಡೆದ ಚೆಂಡು ಖಾಲಿ ಗೋಲಿಗೆ ಹೋಗಿ ಬಿತ್ತು. ನಾವಿಬ್ಬರೂ ಸೋಫಾ ಸುತ್ತ ಕೈಕೈ ಹಿಡಿದು ತಿರುಗಿದೆವು. ನನ್ನ ಊರುಗೋಲು ಎಲ್ಲಿ ಬಿತ್ತೋ, ಆಮೇಲೆ ಹುಡುಕಬೇಕಾಯಿತು.

ಆ ಸಂತೋಷದಲ್ಲೇ ಹೇಳಿಬಿಟ್ಟೆ. ಅಂದು ಸುಳ್ಳು ಹೇಳಿದೆ, ಕಲ್ಲಿನ ಮೇಲಿರುವುದು ಆಶೀರ್ವಾದವಲ್ಲ ಎಂದು ಅಕ್ಷರ ಅಕ್ಷರ ಬಿಡಿಸಿ ಹೇಳಿದೆ.

ಐಲ್ಸಾ ಟೀವಿಯ ಸದ್ದು ತಗ್ಗಿಸಿದರು. ಇನ್ನೊಮ್ಮೆ ಹೇಳು ಎಂದರು. ಹೇಳಿದೆ. ಕನ್ನಡದಲ್ಲಿ ಹೇಳು ಎಂದರು. ಬಲಗಾಲು ಬರೇ ನಿಂದರಲಿಕ್ಕೆ, ಎಂದೆ.

"ಪಾದ್ರಿ ಅದರ ಮೇಲೆ ಕೈಯಿಟ್ಟಿದ್ರು" ಎಂದರು ಅವರು, ಬಹಳ ಗಂಭೀರವಾಗಿ. ಆಮೇಲೆ ಮುಖವೆಲ್ಲ ಕೆಂಪಾಗಿ ನಗತೊಡಗಿದರು. ನಿಲ್ಲಿಸಲು ನೋಡಿದರು, ಆಗಲಿಲ್ಲ. ಅಪ್ಪನ ಬಲಗಾಲು ಎಂಥದಿತ್ತು ಎಂದು ನಿನಗೆ ಗೊತ್ತಿಲ್ಲ ಎಂದರು. ಅಂಗಳದಲ್ಲಿ ಬಲಗಾಲಿನಲ್ಲಿ ಒದ್ದ ಚೆಂಡು ಯಾವಾಗಲೂ ಪಕ್ಕದ ಮನೆಯ ಕೋಸಿನ ಪಾತಿಗೇ ಬೀಳುತ್ತಿತ್ತಂತೆ. ನಿಂತ ನಿಲುವಿನಲ್ಲೇ ಮಗನಿಗೆ ಫೋನ್ ಮಾಡಿದರು. ಕಾರ್ಡುಗಳು ಅಚ್ಚಾಗಿ ಬಂದಿವೆಯಂತೆ. ಹಾಗೇ ಕಳಿಸು, ಒಳಗೆ ನಿಜವಾದ ಅರ್ಥ ಕೈಯಲ್ಲಿ ಬರೆದು ಸೇರಿಸೋಣ ಎಂದರು. ಇನ್ನೂರಕ್ಕೂ ತಾವೇ ಬರೆಯುತ್ತಾರಂತೆ.

ನವೆಂಬರ್ 28, ಶುಕ್ರವಾರ, ಹ್ಯೂಸ್ಟನ್

ಮಂಡಿ: ನೂರಾ ಹದಿನೈದು ಇರಬಹುದು, ಅಳೆಯಲಿಲ್ಲ.

ರಜೆಯಿದ್ದುದರಿಂದ ಪ್ರಗತಿ ಡ್ರೈವ್ ಮಾಡಿಕೊಂಡು ನಮ್ಮಿಬ್ಬರನ್ನೂ ಹ್ಯೂಸ್ಟನ್‌ಗೆ ಕರೆತಂದಳು. ದಾರಿಯಲ್ಲಿ ಸ್ಟಾಫರ್ಡ್‌ನಲ್ಲಿ ಊಟ. ಐಲ್ಸಾ ಮಸಾಲೆ ದೋಸೆಯ ಜೊತೆ ಎರಡು ಮಿರ್ಚಿ ಭಜಿ ತಿಂದು, ನೀರು ಕುಡಿಯದೆ, ತಮ್ಮ ಅಪ್ಪ ಯಾಕೆ ಸ್ಕಾಟ್ಲೆಂಡ್‌ನ ಊಟವನ್ನು ಬಯ್ಯುತ್ತಿದ್ದರು ಎಂದು ಈಗ ಗೊತ್ತಾಯಿತು ಎಂದರು.

ಮಗ ಕಾಲಮ್‌ನ ಗ್ಯಾರೇಜಿನಲ್ಲಿ ಅಜ್ಜನ ಪೆಟ್ಟಿಗೆಯಿತ್ತು. ಅದರೊಳಗೆ ಖಾಕಿ ಬಟ್ಟೆಯ ರಟ್ಟಿನ ಕಿಸೆಪುಸ್ತಕ. ಪೆನ್ಸಿಲ್ ಬರಹ. ಯುದ್ಧದ ಆರೂ ವರ್ಷ ಅವನು ಆಡಿದ ಪ್ರತಿ ಪಂದ್ಯ ಅದರಲ್ಲಿದೆ. ಊರು, ಫಲಿತಾಂಶ, ತನ್ನ ಗೋಲು, ಕೊನೆಗೆ ಒಂದೆರಡು ಮಾತು. ಗ್ಯಾರೇಜಿನ ನೆಲದ ಮೇಲೆ ಕಾಲು ಚಾಚಿ ಕೂತು ಓದಿದೆ. ಎದ್ದಾಗ ಮೂರು ಗಂಟೆ ಕಳೆದಿತ್ತು.

ಇಂಗ್ಲೆಂಡಿನ ಶಿಬಿರಗಳಲ್ಲಿದ್ದಾಗ ಜನ ಸಾಲದ ಯಾವ ತಂಡ ಕರೆದರೂ ಹೋಗಿ ಆಡಿದ್ದಾನೆ. ಒಂದು ಕಡೆ ಬರೆದಿದ್ದಾನೆ: 'ಎದುರಿನವರಿಗೆ ಒಬ್ಬ ಕಡಿಮೆ. ದ್ವಿತೀಯಾರ್ಧ ಅವರಿಗೆ ಆಡಿದೆ. ಎರಡೂ ಕಡೆ ಒಂದೊಂದು ಗೋಲು.' 1943ರಲ್ಲಿ ಮುಂಬೈಗೆ ಬರುವ ಹಡಗಿನ ಮೇಲೆ: 'ಸೊನ್ನೆ ಸೊನ್ನೆ. ಚೆಂಡು ಸಮುದ್ರದ ಪಾಲು.' ಆಮೇಲೆ ಬೆಳಗಾವಿ. ಸೈನಿಕ ಶಿಬಿರದ ದರ್ಜಿ ಬಸಲಿಂಗಪ್ಪ, ಅಡುಗೆಯವರು, ಅಗಸರು, ಗುಮಾಸ್ತರು ಸೇರಿ ಕಟ್ಟಿದ್ದ ಒಂದು ತಂಡಕ್ಕೆ ಇವನು ಹೋಗಿ ಸೇರಿಕೊಂಡಿದ್ದಾನೆ. ಮೂರನೇ ಪಂದ್ಯಕ್ಕೆ: 'ಬೂಟು ಬಿಚ್ಚಿದೆ. ವೇಗ ಕಡಿಮೆ. ಖುಷಿ ಜಾಸ್ತಿ.' ಅದರ ಮುಂದಿನ ಪುಟದಲ್ಲಿ: 'ವ್ಯಾಕ್ಸಿನ್ ಡಿಪೋ. 3–1. ನನ್ನವು ಎರಡು. ಎಮ್ಮೆ ಒಳಗೆ ಬಂತು. ಆಫ್‌ಸೈಡ್.'

ವ್ಯಾಕ್ಸಿನ್ ಡಿಪೋ. ಟಿಳಕವಾಡಿಯ ಆ ಮೈದಾನದಲ್ಲಿ ನಾನು ಹತ್ತು ವರ್ಷ ಆಡಿದ್ದೇನೆ.

1944ರ ಜುಲೈನಲ್ಲಿ ಒಂದು ಪುಟದ ತುಂಬ ಎರಡೇ ಪದ: 'ಜಿಮ್ಮಿ. ನಾರ್ಮಂಡಿ.' ಜಿಮ್ಮಿ ಇನ್ವರ್‌ಲೋನ್ ತಂಡದ ಗೋಲ್‌ಕೀಪರ್, ರೆನ್ನಿಯ ಜೊತೆ ಒಂದೇ ದಿನ ಕ್ಲಬ್ ಸೇರಿದವನು ಎಂದರು ಐಲ್ಸಾ. ಅದಾದ ಮೇಲೆ ಏಳು ವಾರ ಯಾವ ಪಂದ್ಯವೂ ಇಲ್ಲ. ಎಂಟನೇ ವಾರಕ್ಕೆ: 'ಬಸಲಿಂಗಪ್ಪ ಬ್ಯಾರಕ್ಕಿಗೆ ಬಂದು ಕೈ ಹಿಡಿದು ಕರೆದುಕೊಂಡು ಹೋದ. 1–4. ಆಡಿದೆ.'

ಒಟ್ಟು ಕೂಡಿಸಿದೆ. 163 ಪಂದ್ಯ, 97 ಗೋಲು. ಇಪ್ಪತ್ತೊಂದರಿಂದ ಇಪ್ಪತ್ತೆಂಟು, ಆಟಗಾರನ ಅತಿ ಒಳ್ಳೆಯ ವರ್ಷಗಳು ಹೋದವಲ್ಲ, ದುಃಖವಾಗಲಿಲ್ಲವೇ ಎಂದು ಐಲ್ಸಾ ಒಮ್ಮೆ ಅಪ್ಪನನ್ನು ಕೇಳಿದ್ದರಂತೆ. ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ.

"ಎಲ್ಲಿ ಹೋದವು? ನಾನು ವಾರವಾರ ಆಡಿದ್ದೀನಲ್ಲ" ಎಂದನಂತೆ.

ಡಿಸೆಂಬರ್ 19, ಶುಕ್ರವಾರ

ಪರೀಕ್ಷೆ ಮುಗಿಯಿತು. ಥೆರಪಿಸ್ಟ್ ಹಾಳೆ ಕೇಳಿದಳು. ಮೂರು ವಾರದಿಂದ ತುಂಬಿಲ್ಲ. ಮರೆತೇಹೋಗಿತ್ತು ಎಂದರೆ ಅವಳು ಬೈಯದೆ ನಕ್ಕಳು.

ಅವ್ವನ ಜೊತೆ ಮುಕ್ಕಾಲು ಗಂಟೆ ಮಾತಾಡಿದೆ. ರೆನ್ನಿಯ ಕಥೆ ಪೂರ್ತಿ ಹೇಳಿದೆ. "ಎಮ್ಮಿ ಈಗೂ ಬರ್ತಾವ ತಗೊ" ಎಂದಳು ಅವ್ವ. ಸಂಜೆ ನಡೆಯಲು ಹೋದಾಗ ತೆಗೆದದ್ದು ಎಂದು ವ್ಯಾಕ್ಸಿನ್ ಡಿಪೋದ ವಿಡಿಯೋ ಕಳಿಸಿದಳು. ಹುಡುಗಿಯರ ಒಂದು ದಂಡು ಆಡುತ್ತಿತ್ತು. ಹಳದಿ ಅಂಗಿಯವಳು ಚೆಂಡನ್ನು ಬಹಳ ಹೊತ್ತು ಇಟ್ಟುಕೊಳ್ಳುತ್ತಾಳೆ, ಪಾಸ್ ಕೊಡಲು ಅವಳಿಗೆ ಹೇಳಬೇಕು ಎಂದೆ. ನೀನೇ ಬಂದು ಹೇಳು ಎಂದಳು.

ಮಧ್ಯಾಹ್ನ ಐಲ್ಸಾರ ಜೊತೆ ಕೂತು ಯುದ್ಧದ ನಂತರದ ಭಾಗ ಬರೆದುಕೊಂಡೆ. 1946ರಲ್ಲಿ ರೆನ್ನಿ ಊರಿಗೆ ಮರಳಿದಾಗ ಅವನ ಜಾಗದಲ್ಲಿ ಹತ್ತೊಂಬತ್ತರ ಹುಡುಗನೊಬ್ಬ ಆಡುತ್ತಿದ್ದ. ಹುಡುಗ ತನಗಿಂತ ಚುರುಕು ಎಂದು ರೆನ್ನಿ ತಾನೇ ಮ್ಯಾನೇಜರ್‌ಗೆ ಹೇಳಿ, ಹಿಂದಿನ ಸಾಲಿಗೆ ಹೋಗಿ ರಕ್ಷಣೆಗೆ ನಿಂತ. ಗೋಲು ಹನ್ನೆರಡೇ ಆದದ್ದು ಅದಕ್ಕೆ. ಓಡಿ ತಟ್ಟನೆ ನಿಲ್ಲುವ ವರಸೆಯನ್ನು ಆ ಹುಡುಗನಿಗೆ ಕಲಿಸಿದ. ಮೂವತ್ತನಾಲ್ಕರವರೆಗೆ ಆಡಿ, ಆಮೇಲೆ ಶಾಲೆಯ ಹುಡುಗರಿಗೆ ಆಟ ಹೇಳಿಕೊಟ್ಟ.

ಹುಡುಗಿಯರಿಗೆ? ನಾನು ಕೇಳಿದೆ. ಹುಡುಗಿಯರನ್ನು ಆಗ ಮೈದಾನಕ್ಕೇ ಬಿಡುತ್ತಿರಲಿಲ್ಲ ಎಂದರು ಐಲ್ಸಾ. ಅಪ್ಪ ಅಂಗಳದಲ್ಲಿ ಅವರಿಗೆ ಎಲ್ಲ ಕಲಿಸಿದ್ದ. ಹನ್ನೆರಡನೇ ವಯಸ್ಸಿಗೆ ಓಣಿಯ ಯಾವ ಹುಡುಗನಿಗೂ ಅವರ ಕಾಲಿನಿಂದ ಚೆಂಡು ಕಿತ್ತುಕೊಳ್ಳಲು ಆಗುತ್ತಿರಲಿಲ್ಲ. ಅಪ್ಪ ಎರಡು ಸಲ ಸಮಿತಿಯವರ ಮುಂದೆ ಹೋಗಿ, ಒಂದೇ ಒಂದು ಪಂದ್ಯ ಆಡಿಸಿ ಎಂದು ಕೇಳಿದ್ದ. ಎರಡು ಸಲವೂ ಬರಿಗೈಯಲ್ಲಿ ಬಂದ. ಎರಡು ತಂಡ, ಗೋಲುಕಂಬ, ಸೀಟಿ ಇರುವ ಒಂದು ನಿಜವಾದ ಪಂದ್ಯವನ್ನು ಅವರು ಜೀವನದಲ್ಲಿ ಆಡಿಲ್ಲ. ಹೇಳುತ್ತ ಬಿಸ್ಕತ್ತಿನ ತಟ್ಟೆ ನನ್ನ ಕಡೆ ಸರಿಸಿದರು. ದುಃಖದಿಂದ ಹೇಳಲಿಲ್ಲ. ನನಗೇ ತಿನ್ನಲಾಗಲಿಲ್ಲ.

ಜನವರಿ 17, 2026, ಶನಿವಾರ, ಫ್ಲವರ್ ಮೌಂಡ್

ಪ್ರಗತಿಗೆ ಐಲ್ಸಾರ ವಿಷಯ ಹೇಳಿದ್ದೆ. ಅವಳಿಗೆ ತಟ್ಟನೆ ನೆನಪಾದದ್ದು ಡಲ್ಲಾಸ್ ಕಡೆ ಫ್ಲವರ್ ಮೌಂಡ್‌ನಲ್ಲಿರುವ ಅವಳ ಸೋದರಮಾವ ಸತ್ಯಪ್ರಕಾಶ. ಬೆಂಗಳೂರಿನವರು, ಅರವತ್ತಮೂರು, ಕಂಪನಿ ಕೆಲಸದಿಂದ ಹೋದ ವರ್ಷ ನಿವೃತ್ತರಾದವರು. ಶನಿವಾರ ಬೆಳಿಗ್ಗೆ ವಯಸ್ಸಾದವರನ್ನೆಲ್ಲ ಕಲೆಹಾಕಿ ನಡೆದುಕೊಂಡು ಆಡುವ ಫುಟ್‌ಬಾಲ್ ಆಡಿಸುತ್ತಾರೆ. ಇವತ್ತು ಐಲ್ಸಾರನ್ನು ಕರೆದುಕೊಂಡು ನೋಡಲು ಹೋದೆವು.

"ಓಡೋ ಹಾಗಿಲ್ಲಮ್ಮ. ಒಂದು ಕಾಲು ಯಾವಾಗ್ಲೂ ನೆಲದ ಮೇಲಿರ್ಬೇಕು. ಓಡಿದ್ರೆ ಸೀಟಿ, ಚೆಂಡು ಎದುರಿನವ್ರಿಗೆ" ಎಂದು ವಿವರಿಸಿದರು ಅಂಕಲ್.

ಮೊದಲು ನಗು ಬಂತು. ಆರು ಜನ ಆರು ಜನ, ಕನ್ನಡದ ಅಂಕಲ್‌ಗಳು, ಆಂಟಿಯರು, ಒಬ್ಬ ಮೆಕ್ಸಿಕನ್ ತಾತ, ಎಲ್ಲರೂ ಬಸ್ ತಪ್ಪಿಸಿಕೊಂಡವರ ಹಾಗೆ ಬಿರಬಿರನೆ ನಡೆಯುತ್ತಿದ್ದರು. ಹತ್ತು ನಿಮಿಷ ನೋಡಿದ ಮೇಲೆ ನಗು ನಿಂತಿತು. ಮೆಕ್ಸಿಕನ್ ತಾತನ ಪಾಸ್ ಒಂದೊಂದೂ ಅಳತೆಗೆ ಹೊಲಿದ ಹಾಗಿತ್ತು. ವೇಗವಿಲ್ಲದಿದ್ದರೆ ಜಾಗ ನೋಡಬೇಕು, ಬರೀ ಜಾಗ. ನಾನು ಗೆರೆಯ ಪಕ್ಕ ನಿಂತು ಎಡಗಡೆ ಖಾಲಿ ಇದೆ ಎಂದು ಹೇಳುತ್ತಲೇ ಇದ್ದೆನಂತೆ.

ಐಲ್ಸಾ ಆಟ ಮುಗಿಯುವವರೆಗೂ ಗೆರೆ ಬಿಟ್ಟು ಕದಲಲಿಲ್ಲ. ವಾಪಸು ಬರುವಾಗ ವೇಕೋ ದಾಟಿದ ಮೇಲೆ, ಡಾಕ್ಟರ್ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಬೇಕು ಎಂದರು. ನನಗೂ ಒಂದು ತೆಗೆದುಕೊಂಡೆವು.

ಫೆಬ್ರವರಿ 25, ಬುಧವಾರ

ಅರ್ಧ ಪುಟ ಕಳಿಸಿದೆವು. ಹನ್ನೊಂದು ಸಲ ಬರೆದು ಹರಿದದ್ದು. ಪಟ್ಟಿಯಲ್ಲಿ ಎರಡು ಸಾಲಿನ ನಡುವೆ ನಾನು ಗೆರೆಯೆಳೆದು ಮೂರನೆಯ ಸಾಲು ಮಾಡಿದೆ. 1939ರಿಂದ 46: 168 ಪಂದ್ಯ, 103 ಗೋಲು. ಅಳಿಸಿದ್ದ ಐದು ಪಂದ್ಯ, ಆರು ಗೋಲನ್ನೂ ಅದರೊಳಗೆ ಸೇರಿಸಿದ್ದೇನೆ. ಒಪ್ಪಿದರೆ ಒಪ್ಪಲಿ. ಎರಡೇ ಗಂಟೆಯಲ್ಲಿ ಕ್ಲಬ್ಬಿನ ಕಾರ್ಯದರ್ಶಿಯಿಂದ ಉತ್ತರ ಬಂತು. ಮೂರೂ ಸಾಲು ಗೋಡೆಗೆ ಹೋಗುತ್ತವೆ, ಆ ಎಮ್ಮೆಯ ಬಗ್ಗೆ ಇನ್ನಷ್ಟು ತಿಳಿಸಿ.

ಮಂಗಳವಾರ, ಗುರುವಾರ ಐಲ್ಸಾರಿಗೆ ಪಾರ್ಕಿನಲ್ಲಿ ಅಭ್ಯಾಸ. ಡಾಕ್ಟರು ನಡೆಯಲು ಒಪ್ಪಿದ್ದಾರೆ, ಓಡಕೂಡದು. ಅವರ ಎಡಗಾಲು ಅಪ್ಪನದೇ. ಬಲಗಾಲೂ ಅಪ್ಪನದೇ. ನಿನ್ನೆ ಒಂದೂವರೆ ಗಂಟೆ ಪಾಸ್ ಕೊಟ್ಟೆ. ಅವರು ದಣಿದು ಕೂತ ಮೇಲೂ ಮರಕ್ಕೆ ಹೊಡೆದು ಹೊಡೆದು ತೆಗೆದುಕೊಳ್ಳುತ್ತಿದ್ದೆ. ಅವರಿಗೆ ಗೋಡೆ ಪಾಸ್ ಹೇಳಿಕೊಡಬೇಕು. ಚೆಂಡು ಕೊಟ್ಟು ನಿಲ್ಲುತ್ತಾರೆ, ಕೊಟ್ಟು ಮುಂದೆ ಹೋಗಬೇಕು. ಅದಕ್ಕೆ ಗುರುವಾರ ಎರಡು ಕೋನ್ ಒಯ್ಯಬೇಕು.

ಮಾರ್ಚ್ 28, ಶನಿವಾರ, ಫ್ಲವರ್ ಮೌಂಡ್

ಎಲ್ಲ ಕ್ರಮವಾಗಿ ಬರೆಯುತ್ತೇನೆ, ಒಂದೂ ಬಿಡಬಾರದು.

ಐಲ್ಸಾ ಬೆಳಿಗ್ಗೆ ಐದಕ್ಕೇ ಎದ್ದು ಕಾರಿನ ಪಕ್ಕ ನಿಂತಿದ್ದರು. ದಾರಿಯುದ್ದಕ್ಕೂ ನೀಲಿ ಕಾಡುಹೂ. ಅವರು ಹೂವು ನೋಡಲಿಲ್ಲ, ಬೂಟಿನ ಲೇಸು ಬಿಚ್ಚಿ ಕಟ್ಟುತ್ತಿದ್ದರು. ಕಾಲಮ್ ಹ್ಯೂಸ್ಟನ್‌ನಿಂದ ಹೆಂಡತಿ ಮಕ್ಕಳ ಸಮೇತ ಬಂದಿದ್ದ. ಅಂಕಲ್ ಐಲ್ಸಾರಿಗೆ ಕಿತ್ತಳೆ ಬಣ್ಣದ ಬನಿಯನ್ ಕೊಟ್ಟರು. ತೊಟ್ಟುಕೊಂಡು ಮೈದಾನದ ಗೆರೆಯ ಹತ್ತಿರ ಒಂದು ಗಳಿಗೆ ನಿಂತರು. ಆಮೇಲೆ ಒಳಗೆ ಕಾಲಿಟ್ಟರು.

ಕಿತ್ತಳೆ ತಂಡಕ್ಕೆ ಒಬ್ಬರು ಕಡಿಮೆಯಾದರು. ಆಂಟಿಯೊಬ್ಬರಿಗೆ ಮೊಮ್ಮಗನ ಪಿಯಾನೋ ಕ್ಲಾಸ್. ಅಂಕಲ್ ಇನ್ನೊಂದು ಬನಿಯನ್ ನನ್ನ ಕಡೆ ಎಸೆದರು. ಐವತ್ತೈದು ತುಂಬಿರಬೇಕೆಂಬ ನಿಯಮದ ಪ್ರಕಾರ ನಾನು ಮೂವತ್ತು ವರ್ಷ ಚಿಕ್ಕವಳು ಎಂದು ಎದುರು ತಂಡದವರು ತಕರಾರು ತೆಗೆದರು. ಮಂಡಿಗೆ ಬ್ರೇಸ್ ಇದೆ, ಅಲ್ಲಿಗಲ್ಲಿಗೆ ಸಮ ಎಂದು ಅಂಕಲ್ ತೀರ್ಪು ಕೊಟ್ಟರು. ಹಾಗಾಗಿ ನಾನು ಮಧ್ಯದಲ್ಲಿ, ಐಲ್ಸಾ ಎಡಗಡೆ.

ಮೊದಲ ಇಪ್ಪತ್ತು ನಿಮಿಷ ಅವರಿಗೆ ಚೆಂಡು ಸಿಕ್ಕಿದ್ದು ನಾಲ್ಕು ಸಲ. ಮೂರು ಸಲ ಕಳೆದುಕೊಂಡರು. ನಾಲ್ಕನೆಯದನ್ನು ಮೆಕ್ಸಿಕನ್ ತಾತನ ಕಾಲ ಸಂದಿಯಿಂದ ದಾಟಿಸಿದರು. ತಾತ ನಿಂತಲ್ಲೇ ಟೋಪಿ ತೆಗೆದರು. ಅರ್ಧ ಸಮಯಕ್ಕೆ ಒಂದು ಒಂದು. ಕಿತ್ತಳೆ ಹಣ್ಣಿನ ಹೋಳು ತಿನ್ನುತ್ತ, ನನ್ನನ್ನು ಕಾಯಬೇಕಾದವರು ಎಡಗಡೆ ಬಿಟ್ಟು ಮಧ್ಯಕ್ಕೆ ಹೋಗುತ್ತಿದ್ದಾರೆ, ಗಮನಿಸಿದೆಯಾ ಎಂದು ಐಲ್ಸಾ ಕೇಳಿದರು. ಗಮನಿಸಿದ್ದೆ.

ಕೊನೆಯ ಐದು ನಿಮಿಷ ಇರುವಾಗ ನನಗೆ ಚೆಂಡು ಬಂತು. ಎಡಗಡೆ ಖಾಲಿ. ತಿರುಗಿದೆ, ಗೋಲ್‌ಕೀಪರ್ ಮತ್ತು ಕೊನೆಯ ಆಟಗಾರನ ನಡುವಿನ ಜಾಗಕ್ಕೆ ಉರುಳಿಸಿದೆ. ಸ್ವಲ್ಪ ಉದ್ದವಾಯಿತು. ನಡೆದರೆ ಸಿಗದು. ತಪ್ಪು ನನ್ನದು, ಉತ್ಸಾಹದಲ್ಲಿ ಬಲ ಜಾಸ್ತಿ ಹಾಕಿದೆ. ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಕಿತ್ತಳೆ ಬನಿಯನ್ ಒಂದು ನನ್ನ ಮುಂದಿನಿಂದ ಹೋಯಿತು. ಮೋಟು ಬಿಳಿ ಕೂದಲು, ಮೊಣಕೈ ಅಗಲ ಮಾಡಿಕೊಂಡು, ಐಲ್ಸಾ. ಎಡಗಾಲಿನಲ್ಲಿ ಒಂದೇ ಒದೆತ. ಗೋಲ್‌ಕೀಪರ್ ಕೂತುಕೊಂಡ, ಚೆಂಡು ಬಲೆಯಲ್ಲಿತ್ತು.

ಸೀಟಿ. ಅಂಕಲ್ ಕೈಯೆತ್ತಿ ನಿಂತಿದ್ದರು. ಗೋಲು ಲೆಕ್ಕಕ್ಕಿಲ್ಲ.

"ನೀವು ಓಡಿದ್ರಿ, ಮೇಡಂ. ಐದು ಹೆಜ್ಜೆ. ನಾನು ಎಣಿಸಿದ್ದೀನಿ" ಎಂದರು ಇಂಗ್ಲಿಷಿನಲ್ಲಿ, ಬಹಳ ಸಂಕೋಚದಿಂದ.

ಐಲ್ಸಾ ಸೊಂಟದ ಮೇಲೆ ಕೈಯಿಟ್ಟು, ಏದುಸಿರು ಬಿಡುತ್ತ, ಅವರನ್ನೇ ನೋಡಿದರು. ವಾದ ಮಾಡುತ್ತಾರೆ ಅಂದುಕೊಂಡೆ.

"ನಾನು ಓಡಿದೆನಾ?" ಎಂದರು. ಅಂಕಲ್ ಹೌದೆಂದು ತಲೆಯಾಡಿಸಿದರು. ಐಲ್ಸಾ ಗೆರೆಯಾಚೆ ಇದ್ದ ಮಗನ ಕಡೆ ತಿರುಗಿ, ಒಂದು ಕೈ ಮೇಲೆತ್ತಿ, ಐದೂ ಬೆರಳು ಅಗಲಿಸಿ ತೋರಿಸಿದರು. ಐದು ಹೆಜ್ಜೆ. ಎದುರು ತಂಡದವರೇ ಮೊದಲು ಚಪ್ಪಾಳೆ ಹೊಡೆದದ್ದು.

ನಾನು ಅವರನ್ನು ಅಪ್ಪಿಕೊಂಡಿದ್ದೆ, ಬೆವರು, ಬಿಳಿ ಕೂದಲು, ಕಿತ್ತಳೆ ಹಣ್ಣಿನ ವಾಸನೆ. ಆಗ ಇನ್ನೊಂದು ಸೀಟಿ ಕೇಳಿಸಿತು. ಯಾರಿಗೆ ಎಂದು ತಿರುಗಿ ನೋಡಿದೆ. ಅಂಕಲ್ ನನ್ನನ್ನೇ ತೋರಿಸುತ್ತಿದ್ದರು.

"ನಿನಗೇ ಕಣಮ್ಮ. ಮೈದಾನದ ಮಧ್ಯದಿಂದ ಇಲ್ಲೀತನಕ ಓಡ್ಕೊಂಡು ಬಂದ್ಯಲ್ಲ."

ಓಡಿದ ನೆನಪು ನನಗಿಲ್ಲ.